ಯಾರು ಕಣ್ಣಾರೆ ನೋಡಿದ್ದು?

ಕೇಳುಗರೇ, ನಮಸ್ಕಾರ. ಯುದ್ಧಕ್ಕೆ ಮೊದಲು ಸರ್ಕಾರ ಹೇಳುವ ಸುಳ್ಳು ಪತ್ರಿಕೆಗೆ ಹೇಗೆ ಬರುತ್ತದೆ, ಅದರ ಬಗ್ಗೆ ಮಾತಾಡಿ ಅಂದಿದ್ದಾರೆ. ವರ್ಷಗಟ್ಟಲೆ ಪತ್ರಿಕೋದ್ಯಮದ ಪಾಠ ಹೇಳಿದವನು ನಾನು. ಹುಡುಗರಿಗೆ ಕೊನೆಗೂ ಹೇಳಿಕೊಡಬೇಕಾದ್ದು ಒಂದೇ ಪ್ರಶ್ನೆ: ಯಾರು ಕಣ್ಣಾರೆ ನೋಡಿದ್ದು?

ಬೈತಖೋಲ್, ತದಡಿ ಬಂದರಿನಲ್ಲಿ ಕೇಳುತ್ತಿರುವವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ, ಯಾಕಂದರೆ ಇದು ಸಮುದ್ರದ ಮೇಲೆ ನಡೆದದ್ದು. 1964ರ ಆಗಸ್ಟ್, ವಿಯೆಟ್ನಾಂ ಪಕ್ಕದ ಟಾಂಕಿನ್ ಕೊಲ್ಲಿ. 2ನೇ ತಾರೀಕು ಅಮೆರಿಕದ ಮ್ಯಾಡಾಕ್ಸ್ ಯುದ್ಧನೌಕೆಯ ಮೇಲೆ ಉತ್ತರ ವಿಯೆಟ್ನಾಮಿನ ದೋಣಿಗಳು ದಾಳಿ ಮಾಡಿದ್ದು ನಿಜ. 4ರ ರಾತ್ರಿ ಮತ್ತೆ ದಾಳಿ ಆಯಿತು ಅಂದರು. ಕಗ್ಗತ್ತಲು, ಕೆಟ್ಟ ಹವಾಮಾನ. ರಾಡಾರಿನಲ್ಲಿ ಏನೇನೋ ಚುಕ್ಕಿ, ನೀರಿನೊಳಗಿನ ಸದ್ದು ಹಿಡಿಯುವ ಸೋನಾರಿನಲ್ಲಿ ಏನೇನೋ ಸದ್ದು. ಮ್ಯಾಡಾಕ್ಸ್ ಮತ್ತು ಜೊತೆಗಿದ್ದ ಟರ್ನರ್ ಜಾಯ್ ಹಡಗು ಕತ್ತಲಿಗೆ ಗುಂಡು ಹಾರಿಸಿದ್ದೇ ಹಾರಿಸಿದ್ದು. ಆಮೇಲೆ ಮ್ಯಾಡಾಕ್ಸ್ ಹಡಗಿನಲ್ಲೇ ಇದ್ದ ಕ್ಯಾಪ್ಟನ್ ಜಾನ್ ಹೆರಿಕ್ ಸಂದೇಶ ಕಳಿಸಿದರು: ಹವಾಮಾನದಿಂದ ರಾಡಾರ್ ಮೋಸಹೋಗಿರಬಹುದು, ಸೋನಾರ್ ಕೇಳುವವರು ಆತುರಪಟ್ಟಿರಬಹುದು, ಮ್ಯಾಡಾಕ್ಸ್‌ನಿಂದ ಯಾರೂ ಕಣ್ಣಾರೆ ನೋಡಿಲ್ಲ, ಪೂರ್ತಿ ಪರಿಶೀಲಿಸಿ ಆಮೇಲೆ ಮುಂದುವರಿಯಿರಿ. ಮೇಲೆ ಹಾರುತ್ತಿದ್ದ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್‌ಗೂ ಶತ್ರುಗಳ ಒಂದು ದೋಣಿಯೂ ಕಾಣಲಿಲ್ಲ.

ನೋಡಿ, ಹಡಗಿನಲ್ಲಿ ಇದ್ದವರೇ ತಡೆಯಿರಿ ಅಂದರು! ಗಾಳಿ ಎದ್ದ ರಾತ್ರಿ ಯಂತ್ರ ತೋರಿಸಿದ್ದನ್ನೆಲ್ಲ ನಂಬಬಾರದು ಅಂತ ಮೀನಿಗೆ ಹೋಗುವ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಆದರೆ ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಜಾನ್ಸನ್ ಅದೇ ರಾತ್ರಿ ಟಿವಿಯಲ್ಲಿ ಬಂದು, ದಾಳಿ ಆಗಿದೆ, ನಾವು ತಿರುಗಿ ಹೊಡೆಯುತ್ತಿದ್ದೇವೆ ಅಂದುಬಿಟ್ಟರು. ಬೆಳಿಗ್ಗೆ ದೊಡ್ಡ ದೊಡ್ಡ ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. 7ನೇ ತಾರೀಕು ಯುದ್ಧದ ಅಧಿಕಾರ ಕೊಡುವ ನಿರ್ಣಯಕ್ಕೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ 416 ಮತ, ವಿರೋಧ ಸೊನ್ನೆ. ಸೆನೆಟ್‌ನಲ್ಲಿ , ಅಂದರೆ ಮೇಲ್ಮನೆಯಲ್ಲಿ, ಬೇಡ ಅಂದವರು ಇಬ್ಬರೇ. ಆ ಯುದ್ಧದಲ್ಲಿ ಅಮೆರಿಕದವರೇ 58,000ಕ್ಕೂ ಜಾಸ್ತಿ ಸತ್ತರು, ವಿಯೆಟ್ನಾಮಿನವರು ಲಕ್ಷಗಟ್ಟಲೆ. 4ರ ರಾತ್ರಿ ದಾಳಿ ಆಗಿಯೇ ಇರಲಿಲ್ಲ ಅನ್ನುವ ವರದಿಯನ್ನು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಹೊರಬಿಟ್ಟದ್ದು 2005ರಲ್ಲಿ. ಬರೆದವರು ಅದರದ್ದೇ ಇತಿಹಾಸಕಾರ.

ಸಮಯ ಕಡಿಮೆ ಇದೆ, 2003ರಲ್ಲಿ ಅಮೆರಿಕ ಇರಾಕ್ ಮೇಲೆ ಮಾಡಿದ ಯುದ್ಧದ ಬಗ್ಗೆ ಬೇಗ ಹೇಳುತ್ತೇನೆ. ಭಟ್ಕಳ, ಹೊನ್ನಾವರದ ಎಷ್ಟೋ ಮನೆಯವರು ಗಲ್ಫ್‌ನಲ್ಲಿ ದುಡಿಯುತ್ತಾರೆ, ಹಾಗಾಗಿ ಇದು ನಿಮಗೆ ದೂರದ ವಿಷಯವಲ್ಲ. 2002ರ ಸೆಪ್ಟೆಂಬರ್ 8ರಂದು ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲಿ, ಇರಾಕ್ ಅಣುಬಾಂಬಿಗಾಗಿ ಅಲ್ಯೂಮಿನಿಯಂ ಕೊಳವೆ ಹುಡುಕುತ್ತಿದೆ ಅಂತ ಬಂತು. ಹೇಳಿದವರು ಹೆಸರು ಹಾಕಬೇಡಿ ಅಂದ ಅಮೆರಿಕ ಸರ್ಕಾರದ ಅಧಿಕಾರಿಗಳು. ಅದೇ ದಿನ ಉಪಾಧ್ಯಕ್ಷ ಚೆನಿ ಟಿವಿಯಲ್ಲಿ ಕೂತು, ಪತ್ರಿಕೆಯಲ್ಲೇ ಬಂದಿದೆ ಅಂದರು! ಆದರೆ ಆ ಸರ್ಕಾರದ್ದೇ ಇಂಧನ ಇಲಾಖೆಯ ತಜ್ಞರು ಇವು ರಾಕೆಟ್ಟಿನ ಕೊಳವೆ ಅಂತ ಹೇಳುತ್ತಲೇ ಇದ್ದರು. ಅಂಥ ತಜ್ಞರನ್ನು, ಕೆಳಗಿನ ಅಧಿಕಾರಿಗಳನ್ನು ಹುಡುಕಿಕೊಂಡು ಹೋಗಿ ಕೇಳಿದವರು ನೈಟ್ ರಿಡರ್ ಸುದ್ದಿಸಂಸ್ಥೆಯ ಕೆಲವು ವರದಿಗಾರರು. ಯಾರು ನೋಡಿದ್ದು, ತೋರಿಸಿ ಅಂದರು. ಆದರೆ ಅವರ ಸುದ್ದಿಯನ್ನು ಅವರದೇ ಬಳಗದ ಕೆಲವು ಪತ್ರಿಕೆಗಳೂ ಹಾಕಲಿಲ್ಲ.

ನನಗೆ ಈಗಲೂ ಸಿಟ್ಟು ಬರುವುದು ಇನ್ನೊಂದಕ್ಕೆ. ಯುದ್ಧ ಶುರುವಾಗಲು ನಾಲ್ಕು ದಿನ ಇರುವಾಗ, ಇರಾಕ್ ಬಳಿ ನಿಷಿದ್ಧ ಅಸ್ತ್ರ ಇದೆ ಅನ್ನುವುದಕ್ಕೆ ಸರ್ಕಾರದ ಹತ್ತಿರ ಗಟ್ಟಿ ಸಾಕ್ಷಿ ಇಲ್ಲ ಅನ್ನುವ ವರದಿ ವಾಷಿಂಗ್ಟನ್ ಪೋಸ್ಟ್‌ನಲ್ಲೂ ಬಂದಿತ್ತು. ಬಂದದ್ದು 17ನೇ ಪುಟದಲ್ಲಿ. ನಮಸ್ಕಾರ.