ಅಪ್ಪನ ಜಾವಾಗೆ ನಾನು ಬಣ್ಣ ಹಚ್ಚಿಸುವುದಿಲ್ಲ

ನಮಸ್ಕಾರ. ಇವತ್ತು ಕ್ಲಚ್ ಪ್ಲೇಟ್ ಬದಲಿಸುವುದನ್ನು ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳೋಣ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದ ಮಾತಿಗೆ ಉತ್ತರ ಕೊಡದೆ ಸ್ಪ್ಯಾನರ್ ಹಿಡಿಯಲು ನನಗೆ ಮನಸ್ಸಾಗುತ್ತಿಲ್ಲ. "ಅಣ್ಣಾ, ಇಂಜಿನ್ನಿಗೆ ಇಷ್ಟು ದುಡ್ಡು ಸುರಿದಿದ್ದೀರಿ, ಬಣ್ಣಕ್ಕೆ ಬಂದಾಗ ಕೈ ಬಿಗಿಹಿಡಿದಿರಾ? ಗಾಡಿ ಗುಜರಿಯಿಂದ ತಂದ ಹಾಗಿದೆ."

ಗುಜರಿ! ಎರಡು ರಾತ್ರಿ ಈ ಪದ ನನ್ನ ನಿದ್ದೆ ಕೆಡಿಸಿದೆ.

ಇದು 1969ರ ಜಾವಾ ಬೈಕು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 250 ಸಿಸಿ, ಟೂ ಸ್ಟ್ರೋಕ್. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರೂ ಗೇರೂ ಒಂದೇ ಲಿವರ್. ಗೊತ್ತಿಲ್ಲದವರು ಈಗಲೂ ಗಾಡಿಯ ಸುತ್ತ ಬಾಗಿ ಬಾಗಿ ಕಿಕ್ಕರ್ ಎಲ್ಲಿದೆ ಎಂದು ಹುಡುಕುತ್ತಾರೆ. ನನ್ನ ಅಪ್ಪ ಪಶುವೈದ್ಯರು. ಹುಣಸೂರಿನ ಸುತ್ತಲ ಹಳ್ಳಿಗಳಿಗೆಲ್ಲ ಈ ಗಾಡಿಯಲ್ಲೇ ಹೋಗುತ್ತಿದ್ದರು. ಟ್ಯಾಂಕಿನ ಎಡಮಗ್ಗುಲಲ್ಲಿ ಬಣ್ಣ ಸವೆದು ತಗಡು ಕಾಣುತ್ತಿದೆಯಲ್ಲ, ಅದು ಸಿರಿಂಜು, ಇಕ್ಕಳ ತುಂಬಿದ ಅವರ ಚೀಲ ಇಪ್ಪತ್ತೊಂಬತ್ತು ವರ್ಷ ಉಜ್ಜಿದ ಜಾಗ. ಹಿಂದಿನ ಮಡ್‌ಗಾರ್ಡ್‌ನ ತಗ್ಗು ಒಂದು ಎಮ್ಮೆಯದು. ನಡುರಾತ್ರಿ ಹೋಗಿ ಕಷ್ಟಪಟ್ಟು ಕರು ಹಾಕಿಸಿ ಹೊರಟಾಗ ಅದು ಗಾಡಿಗೆ ಒದ್ದಿತ್ತು. "ಬೇರೆಯವರು ಫೀಸು ಕೊಡುತ್ತಾರೆ, ಅದು ಇದನ್ನು ಕೊಟ್ಟಿತು" ಎಂದು ಅಪ್ಪ ಕೊನೆಯವರೆಗೂ ನಗುತ್ತಿದ್ದರು. ಟೂಲ್ ಬಾಕ್ಸಿನ ಮುಚ್ಚಳದ ಮೇಲೆ ಒಂದು 'ಳ' ಇದೆ. ಸ್ಲೇಟಿನಲ್ಲಿ ಎಷ್ಟು ತಿದ್ದಿದರೂ ಸುಳಿ ಸರಿಬಾರದೆ ಅಳುತ್ತಿದ್ದ ನನ್ನ ಅಕ್ಕ ಒಂದು ಮಧ್ಯಾಹ್ನ ಮೊಳೆ ಹಿಡಿದು ಗಾಡಿಯ ಮೇಲೆ ಬರೆದಳು. ಸರಿಯಾಗಿ ಬಂತು. ಅಪ್ಪ ಬೈಯಲಿಲ್ಲ, ಅಳಿಸಲೂ ಇಲ್ಲ.

ಈಗ ಹೇಳಿ, ಇದಕ್ಕೆ ಬಣ್ಣ ಹಚ್ಚಬೇಕೆ?

ಹಳೆಯ ಗಾಡಿಗೆ ಜೀವ ಕೊಡುವುದು ಬೇರೆ, ಅದನ್ನು ಹೊಸದಾಗಿ ಕಾಣಿಸುವುದು ಬೇರೆ. ಜೀವ ಕೊಡುವ ಕೆಲಸವನ್ನು ನಾನು ಚಾಚೂ ತಪ್ಪದೆ ಮಾಡಿದ್ದೇನೆ. ಸಿಲಿಂಡರಿನ ಒಳಮೈ ಕೊರೆಸಿ, ಅಂದರೆ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿದೆ. ವರ್ಷಗಟ್ಟಲೆ ನಿಂತ ಟೂ ಸ್ಟ್ರೋಕ್ ಗಾಡಿಯಲ್ಲಿ ಮೊದಲು ಕೆಡುವುದು ಕ್ರ್ಯಾಂಕಿನ ಆಯಿಲ್ ಸೀಲ್. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಇಂಜಿನ್ ಗೇರ್ ಆಯಿಲನ್ನು ಒಳಗೆ ಎಳೆದುಕೊಂಡು ಬೀದಿ ತುಂಬ ಬಿಳಿ ಹೊಗೆ ಎಬ್ಬಿಸುತ್ತದೆ. ಅದನ್ನು ಬದಲಿಸಿದೆ. ಬೇರಿಂಗ್, ವೈರಿಂಗ್, ಬ್ರೇಕ್ ಶೂ, ಟೈರು ಎಲ್ಲ ಹೊಸದು. ಟ್ಯಾಂಕಿನ ಒಳಗಿನ ತುಕ್ಕನ್ನು ಸಿಟ್ರಿಕ್ ಆಮ್ಲದ ನೀರು ತುಂಬಿಸಿಟ್ಟು ತೆಗೆದೆ. ಒಳಗೆ ಕನ್ನಡಿಯಂತಾಗಿದೆ. ಹೊರಗೆ ಅಪ್ಪನ ಚೀಲದ ಗುರುತು ಹಾಗೆಯೇ ಇದೆ. ಓಡುವ ಭಾಗಕ್ಕೆ ಏನು ಬೇಕಾದರೂ ಮಾಡಿ, ಕಾಣುವ ಭಾಗದ ಮೇಲೆ ಕೈ ಇಡಬೇಡಿ.

"ತುಕ್ಕು ತಿಂದುಬಿಡುತ್ತದೆ" ಎನ್ನುತ್ತಾರೆ. ತಿನ್ನುವುದಿಲ್ಲ. ಸಡಿಲ ತುಕ್ಕನ್ನು ಮೆದುವಾಗಿ ಉಜ್ಜಿ, ತೆಳುವಾಗಿ ಎಣ್ಣೆ ಅಥವಾ ಮೇಣ ಸವರಿ, ನೀರು ಬೀಳದ ಕಡೆ ನಿಲ್ಲಿಸಿದರೆ ತಗಡು ಗಟ್ಟಿಯಾಗಿಯೇ ಇರುತ್ತದೆ. ವರ್ಷಕ್ಕೆ ನಾಲ್ಕು ಸಲ ಬಟ್ಟೆ ಹಿಡಿಯಲು ಸೋಮಾರಿತನ, ಅದಕ್ಕೆ ತುಕ್ಕಿನ ನೆಪ.

ಕ್ರೋಮ್ ಮಾಡಿಸುವವರಿಗೂ ಇದೇ ಮಾತು. ಹೊಸ ಪ್ಲೇಟಿಂಗ್ ಕೂರಬೇಕಾದರೆ ಹಳೆಯದನ್ನು ಕಿತ್ತು ಲೋಹವನ್ನು ಬಫಿಂಗ್ ಮಾಡಬೇಕು. ಬಫಿಂಗ್ ಎಂದರೆ ಲೋಹವನ್ನು ಸವೆಸುವುದು. ಅಂಚು ದುಂಡಗಾಗುತ್ತದೆ, ಅಚ್ಚೊತ್ತಿದ ಗುರುತು ಮಸುಕಾಗುತ್ತದೆ. ಹೊಳಪು ಬಂತು ಎಂದು ನೀವು ಕುಣಿಯುವಾಗ ಗಾಡಿ ಒಂದು ಪದರ ಕಳೆದುಕೊಂಡಿರುತ್ತದೆ. ಇನ್ನು ಪುಟ್ಟಿ ಮೆತ್ತುವವರ ಕೈಗೆ ಸಿಕ್ಕರೆ ಚಾಸಿಯ ಮೇಲೆ ಕೊರೆದ ನಂಬರೂ ಹೂತುಹೋಗುತ್ತದೆ. ನನ್ನ ಪರಿಚಯದವರೊಬ್ಬರ ಗಾಡಿಗೆ ಹೀಗೇ ಆಯಿತು. ಆರ್.ಸಿ. ಪುಸ್ತಕದಲ್ಲಿರುವ ನಂಬರ್ ಗಾಡಿಯ ಮೇಲೆ ಕಾಣದೆ, ಚೆಂದಕ್ಕೆ ಕೊಟ್ಟ ಬಣ್ಣವನ್ನೇ ಮತ್ತೆ ಕೆರೆಸಬೇಕಾಯಿತು.

ಸರ್ಕಾರ ಕೂಡ ಮೂಲ ರೂಪವನ್ನೇ ಕೇಳುತ್ತದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಬಂತು. ಷರತ್ತು ಏನು ಗೊತ್ತೆ? ಗಾಡಿ ಮೂಲ ರೂಪದಲ್ಲಿ ಉಳಿದಿರಬೇಕು, ಚಾಸಿ, ಬಾಡಿ, ಇಂಜಿನ್ನುಗಳನ್ನು ಮಾರ್ಪಡಿಸಿರಬಾರದು. ಆ ನೋಂದಣಿ ಪಡೆದರೆ ದಿನನಿತ್ಯ ರಸ್ತೆಗೆ ಇಳಿಸುವಂತಿಲ್ಲ. ನನಗೆ ಓಡಿಸಬೇಕು, ಆದ್ದರಿಂದ ನಾನು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಂಡಿದ್ದೇನೆ. ಬಣ್ಣದ ಬಗ್ಗೆ ನಿಯಮ ಹಾಗೆ ಹೇಳುವುದಿಲ್ಲ ಎಂದು ಯಾರೋ ವಾದಕ್ಕೆ ಬರುತ್ತೀರಿ. ಬನ್ನಿ. ಮೂಲ ಎಂಬ ಪದಕ್ಕೆ ನನ್ನ ಅರ್ಥ ಕಚೇರಿಯ ಅರ್ಥಕ್ಕಿಂತ ದೊಡ್ಡದು.

ನನ್ನ ಚಿಕ್ಕಪ್ಪನ ಯೆಜ್ಡಿಯ ಕಥೆ ಕೇಳಿ. ಯೆಜ್ಡಿ ಎಂದರೆ ಜಾವಾದ ನಂತರ ಅದೇ ಕಾರ್ಖಾನೆಯಿಂದ ಬಂದ ಬೈಕು. ಅವರು ತೀರಿಕೊಂಡ ಮೇಲೆ ಅವರ ಮಗ ಪ್ರೀತಿಯಿಂದಲೇ ಗಾಡಿಯನ್ನು ಪೂರ್ತಿ ಬಿಚ್ಚಿಸಿ, ಬಣ್ಣ, ಕ್ರೋಮ್, ಸೀಟು, ಎಂಬ್ಲೆಮ್ ಎಲ್ಲ ಹೊಸದು ಹಾಕಿಸಿ ಮನೆಯ ಮುಂದೆ ತಂದು ನಿಲ್ಲಿಸಿದ. ಬೀದಿಯೇ ಬಂದು ನೋಡಿತು. ಚಿಕ್ಕಮ್ಮನೂ ಬಂದರು. ಹಿಂದಿನ ಸೀಟಿನ ಹಿಡಿಯ ಕೆಳಗೆ ಬೆರಳಾಡಿಸಿದರು. ಅಲ್ಲಿ ಅವರ ಬಳೆ ತಾಗಿ ತಾಗಿ ಆದ ಗೀರುಗಳಿದ್ದವು. ಎರಡು ಸಲ ಬೆರಳಾಡಿಸಿ, "ಚೆನ್ನಾಗಿದೆ ಕಣಪ್ಪ" ಎಂದು ಒಳಗೆ ಹೋದರು. ಆ ಗಾಡಿಯ ಹತ್ತಿರ ಅವರು ಮತ್ತೆ ಬರಲಿಲ್ಲ.

ಗುಜರಿ ಎಂದು ಬರೆದವರೇ, ನಿಮಗೆ ಇದು ಅರ್ಥವಾಗುತ್ತಿದೆಯೇ?

ಇನ್ನೊಬ್ಬರ ವಾದ: "ಕೊಂಡ ದಿನ ಹೇಗಿತ್ತೋ ಹಾಗೆ ಮಾಡುವುದೇ ಅಪ್ಪನಿಗೆ ಕೊಡುವ ಗೌರವ." ಅಪ್ಪ ಅದನ್ನು ಹೊಸ ಗಾಡಿಯಾಗಿ ಓಡಿಸಿದ್ದು ನಾಲ್ಕು ದಿನ. ಉಳಿದ ಇಪ್ಪತ್ತೊಂಬತ್ತು ವರ್ಷ ಓಡಿಸಿದ್ದು ಗೀರು ಬಿದ್ದ ಗಾಡಿಯನ್ನೇ. ನಾಲ್ಕು ದಿನವನ್ನು ಉಳಿಸಿಕೊಳ್ಳಲು ಇಪ್ಪತ್ತೊಂಬತ್ತು ವರ್ಷವನ್ನು ಉಪ್ಪುಕಾಗದ ಹಾಕಿ ಉಜ್ಜಬೇಕೆ? "ಮಾರುವಾಗ ಒಳ್ಳೆಯ ಬೆಲೆ ಬರುತ್ತದೆ" ಎಂದವರಿಗೆ ನನ್ನಲ್ಲಿ ಉತ್ತರವೇ ಇಲ್ಲ. ಅಪ್ಪನ ಗಾಡಿಯನ್ನು ಮಾರುವ ಲೆಕ್ಕ ಹಾಕುತ್ತಿರುವವರು ಈ ಚಾನೆಲ್‌ಗೆ ಏಕೆ ಬಂದಿರಿ?

ಚಾನೆಲ್ ಎಂದಾಗ ನೆನಪಾಯಿತು, ಇನ್ನೂ ಚಂದಾದಾರರಾಗದವರು ಆಗಿ. ಪೆಟ್ರೋಲಿಗೆ ಆಯಿಲ್ ಎಷ್ಟು ಬೆರೆಸಬೇಕು ಎಂದು ಕೇಳುತ್ತಲೇ ಇದ್ದೀರಿ. ನಾನು ಲೀಟರಿಗೆ 40 ಮಿ.ಲೀ. ಹಾಕುತ್ತೇನೆ, ಕಾರ್ಬ್ಯುರೇಟರ್ ಸಂಚಿಕೆಯಲ್ಲಿ ವಿವರ ಇದೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನ. ಅವತ್ತು ಸಾಲು ಸಾಲು ಗಾಡಿ ಸೇರುತ್ತವೆ, ಹೊಳೆಯುವವು ನೂರಿರಲಿ, ನಾನು ಇದನ್ನೇ ತರುತ್ತೇನೆ, ಎಮ್ಮೆಯ ತಗ್ಗಿನ ಸಮೇತ. ಬಂದು ಮುಟ್ಟಿ ನೋಡಿ.

1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಬಿಡಿಭಾಗ ಹೇಗೋ ಹುಡುಕಿದರೆ ಸಿಗುತ್ತವೆ, ಬಣ್ಣ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಅಪ್ಪನ ಚೀಲ ಉಜ್ಜಿದ ಜಾಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹೇಳಿ, ಯಾವ ಅಂಗಡಿಯಲ್ಲಿ? ಹಚ್ಚಿಸುವುದಿಲ್ಲ. ಕಾರಣ ಬೇಕಾದರೆ ಇಷ್ಟು ಹೊತ್ತು ಹೇಳಿದ್ದೇನೆ, ಒಪ್ಪಿಗೆಯಾಗದಿದ್ದರೂ ಹಚ್ಚಿಸುವುದಿಲ್ಲ.

ಕಳೆದ ಸಂಚಿಕೆ ನೋಡಿ ಅಕ್ಕ ಫೋನ್ ಮಾಡಿದ್ದಳು. ಇಂಜಿನ್ ಹೇಗಿದೆ, ಎಷ್ಟು ಖರ್ಚಾಯಿತು, ಒಂದನ್ನೂ ಕೇಳಲಿಲ್ಲ. "ನನ್ನ ಳ ಇದೆಯೇನೋ?" ಎಂದಳು.

ಇದೆ ಅಕ್ಕ. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡು.