ಬಿಸಿಲೇರುವ ಮೊದಲು ಇಳಿಜಾರು ದಾಟಿರಿ

ಕೇಳುಗರಿಗೆ ನಮಸ್ಕಾರ.

ಪರೀಕ್ಷೆ ಮುಗಿದು ಸೂಟಿ ಬಿತ್ತೆಂದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗ ಹುಡುಗಿಯರು ಹಿಮಾಚಲ, ಉತ್ತರಾಖಂಡದ ಚಾರಣಕ್ಕೆ ಹೊರಡುತ್ತಾರೆ. ಇಲ್ಲಿ ನೆಲ ಕಾಯುವ ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಎತ್ತರದ ಕಣಿವೆಗಳಲ್ಲಿ ಚಳಿಗಾಲದ ಹಿಮ ಇನ್ನೂ ದಪ್ಪಗೆ ಕೂತಿರುತ್ತದೆ. ಹಿಮ ಸುರಿಯುವಾಗ ಅಪಾಯ, ಬಿಸಿಲು ಬಿದ್ದರೆ ನಿಶ್ಚಿಂತೆ ಎಂದು ಬಯಲುಸೀಮೆಯವರಾದ ನಮಗೆ ಅನಿಸುವುದು ಸಹಜ. ಆದರೆ ವಸಂತದಲ್ಲಿ ಹಿಮಕುಸಿತ ತರುವುದು ಬಹಳ ಸಲ ಆ ಬಿಸಿಲೇ.

ಹಿಮದ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ನಿಂತಿರುತ್ತವೆ. ಬಿಸಿಲಿಗೆ ಮೇಲ್ಪದರ ಕರಗಿ ನೀರು ಒಳಗಿಳಿದಾಗ ಬೆಸುಗೆ ಸಡಿಲಾಗುತ್ತದೆ. ಆ ನೀರು ಕೆಳಗೊಂದು ಗಟ್ಟಿ ಪದರದ ಮೇಲೆ ತಡೆದು ನಿಂತರೆ ಮೇಲಿನದೆಲ್ಲ ಇಡಿಯಾಗಿ ಜಾರುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ಶಾಖ ಬಿಟ್ಟುಕೊಟ್ಟು ಮತ್ತೆ ಹೆಪ್ಪುಗಟ್ಟುತ್ತದೆ. ಮೋಡ ಕವಿದ ರಾತ್ರಿಯಲ್ಲಿ ಅಷ್ಟು ಗಟ್ಟಿಯಾಗುವುದಿಲ್ಲ. ಅದಕ್ಕೇ ನಸುಕಿನಲ್ಲಿ ಡೇರೆಯಿಂದ ಹೊರಬಂದವರು ಮೊದಲು ಬೂಟಿನ ಹಿಮ್ಮಡಿಯಿಂದ ಹಿಮವನ್ನು ಬಲವಾಗಿ ಒದ್ದು ನೋಡಬೇಕು. ಮೇಲೆ ತೆಳು ಹೆಪ್ಪು, ಅದರಡಿ ಒದ್ದೆ ಹಿಮ ಸಿಕ್ಕಿತೆ? ಆ ದಿನ ಕಡಿದಾದ ಇಳಿಜಾರಿನ ಮಾತೇ ಬೇಡ.

ಕಡಿದಾದದ್ದು ಎಂದರೆ 30ರಿಂದ 45 ಡಿಗ್ರಿ. ಹೆಚ್ಚಿನ ಕುಸಿತಗಳು ಹುಟ್ಟುವುದು ಅಲ್ಲೇ. ಊರುಗೋಲನ್ನು ಇಳಿಜಾರಿನ ಮೇಲೆ ಮಲಗಿಸಿ, ಕೋನ ಅಳೆಯುವ ಆ್ಯಪ್ ಇರುವ ಮೊಬೈಲನ್ನು ಅದರ ಮೇಲಿಟ್ಟರೆ ಅಂಕಿ ಸಿಗುತ್ತದೆ. ನೀವು ನಿಂತದ್ದು ಸಪಾಟು ಜಾಗವಾದರೂ ತಲೆಯ ಮೇಲಿನ ಇಳಿಜಾರು ನೋಡಿರಿ.

ಬಿಸಿಲು ಮೊದಲು ಪೂರ್ವದ ಮೈಗೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ ಬಡಿಯುತ್ತದೆ. ಕಣಿವೆಮಾರ್ಗ ದಾಟುವವರು ನಸುಕಿನ 3-4 ಗಂಟೆಗೇ ಹೊರಟು, ಹಿಮ ಮೆತ್ತಗಾಗುವ ಮೊದಲೇ ಆಚೆ ಇಳಿದಿರಬೇಕು. ಗಡಿಯಾರಕ್ಕಿಂತ ಕಾಲನ್ನು ನಂಬಿರಿ. ಮಳೆ ಬಿದ್ದ ಎರೆಹೊಲದಲ್ಲಿ ಹೂತಂತೆ ಪಾದ ಹರಡಿನ ಮೇಲಕ್ಕೆ ಹೂಳತೊಡಗಿತೆಂದರೆ, ಮುಷ್ಟಿಯಲ್ಲಿ ಹಿಂಡಿದ ಹಿಮದಿಂದ ನೀರು ಸೋರಿತೆಂದರೆ, ಬಂಡೆಗಳ ಬುಡದಿಂದ ಹಿಮದುಂಡೆಗಳು ತಾವಾಗಿ ಉರುಳಿ ಬಂದವೆಂದರೆ, ಹೊತ್ತು ಮೀರಿದೆ. ಶಿಖರ ಇನ್ನು ನೂರೇ ಮೀಟರ್ ಇದ್ದರೂ ಮರಳಿ ಬರಬೇಕು.

ಕಡಿದಾದ ಇಳಿಜಾರು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟಿರಿ. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣಿಟ್ಟಿರಲಿ. ಇದು ಚಾರಣಿಗರಿಗಷ್ಟೇ ಹೇಳುವ ಮಾತಲ್ಲ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯ ಪಕ್ಕದಲ್ಲೇ ಹಿಮ ಕುಸಿದು 7 ಪ್ರವಾಸಿಗರು ತೀರಿಕೊಂಡರು.

ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮದಡಿ ಆರು ದಿನ ಜೀವ ಹಿಡಿದಿದ್ದರು. ಅದನ್ನು ಈ ಭಾಗದ ಜನ ಮರೆತಿಲ್ಲ. ಆದರೆ ಅದು ಅಪರೂಪದಲ್ಲಿ ಅಪರೂಪ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷ ಚೆನ್ನಾಗಿರುತ್ತದೆ. ಅರ್ಧ ಗಂಟೆಯೊಳಗೆ ಪಾತಾಳಕ್ಕಿಳಿಯುತ್ತದೆ. ಹೆಚ್ಚಿನವರನ್ನು ಕೊಲ್ಲುವುದು ಉಸಿರುಕಟ್ಟುವಿಕೆ, ಚಳಿಯಲ್ಲ. ಒದ್ದೆ ಹಿಮವಂತೂ ನಿಂತ ಕ್ಷಣಕ್ಕೇ ಬಿಗಿದುಕೊಳ್ಳುತ್ತದೆ. ಒಂದು ಘನಮೀಟರ್ ಅರ್ಧ ಟನ್ನಿನಷ್ಟು ತೂಗಬಹುದು, ಬರಿಗೈಯಿಂದ ಅಗೆಯಲಾಗದು.

ಹಾಗಾಗಿ ಪ್ರತಿಯೊಬ್ಬರ ಬಳಿ 457 ಕಿಲೋಹರ್ಟ್ಸ್‌ನ ಟ್ರಾನ್ಸ್‌ಸೀವರ್ ಎಂಬ ಸಂಕೇತ ಕಳಿಸುವ, ಹಿಡಿಯುವ ಯಂತ್ರ, ಹಿಮದೊಳಗೆ ಚುಚ್ಚಿ ಹುಡುಕಲು ಕನಿಷ್ಠ 240 ಸೆಂಟಿಮೀಟರಿನ ಮಡಚುವ ಶೋಧಕೋಲು, ಲೋಹದ ಸಲಿಕೆ ಮೂರೂ ಇರಬೇಕು. ಯಾರಾದರೂ ಹೂತುಹೋದರೆ, ಆ ಸಂಗಾತಿ ಕೊನೆಗೆ ಕಂಡ ಜಾಗ ಗುರುತಿಡಿರಿ. ಮೇಲಿಂದ ಇನ್ನೂ ಕುಸಿಯುವ ಭಯವಿಲ್ಲವೆಂದು ನೋಡಿಕೊಂಡು ಎಲ್ಲರೂ ಯಂತ್ರವನ್ನು ಹುಡುಕುವ ಸ್ಥಿತಿಗೆ ತಿರುಗಿಸಿರಿ. ಒಬ್ಬರ ಯಂತ್ರ ಸಂಕೇತ ಕಳಿಸುತ್ತಲೇ ಉಳಿದರೂ ಹುಡುಕಾಟ ದಿಕ್ಕು ತಪ್ಪುತ್ತದೆ. ಕೋಲಿಗೆ ದೇಹ ತಾಗಿದರೆ ಕೋಲು ಕೀಳಬೇಡಿ. ಅದರ ನೇರಕ್ಕೆ ಕೆಳಬದಿಯಿಂದ ಒಳಕ್ಕೆ ಅಗೆಯಿರಿ. ಮುಖ ಸಿಕ್ಕೊಡನೆ ಬಾಯಿ, ಮೂಗಿನ ಹಿಮ ತೆಗೆಯಿರಿ.

ಚಾರಣಕ್ಕೆ ಹಣ ಕಟ್ಟುವ ಮೊದಲು ಆಯೋಜಕರನ್ನು ಕೇಳಿರಿ: ತಲಾ ಒಂದು ಟ್ರಾನ್ಸ್‌ಸೀವರ್ ಕೊಡುತ್ತೀರಾ? ಬಳಸುವುದನ್ನು ಕಲಿಸುತ್ತೀರಾ? ಹಿಮ ಮೆತ್ತಗಾದರೆ ತಂಡವನ್ನು ಹಿಂದಿರುಗಿಸುವ ಅಧಿಕಾರ ಮಾರ್ಗದರ್ಶಿಗೆ ಇದೆಯೇ? ಮೂರನೆಯದಕ್ಕೆ ಉತ್ತರ ತೊದಲಿದರೆ ಆ ತಂಡದ ಜೊತೆ ಹೋಗಬೇಡಿ.

ನಮಸ್ಕಾರ.