ಹಾಲಿನ ಡಿಗ್ರಿ

ಕೇಳ್ತಾ ಇರೋ ಎಲ್ಲರಿಗೂ ನಮಸ್ಕಾರ. ನಾನು ನಾಗಮಂಗಲ ಕಡೆ ಒಂದು ಸಣ್ಣ ಊರಿನೋಳು, ಅಲ್ಲಿನ ಮಹಿಳಾ ಡೈರಿಲಿ 14 ವರ್ಷದಿಂದ ಸೆಕ್ರೆಟರಿ. ರೇಡಿಯೋದವ್ರು ಫೋನ್ ಮಾಡಿ, ಜೀವನದ ಗುರಿ ಕಂಡ್ಕೊಳ್ಳೋದು ಹೇಗೆ, ಮುಂದಾಳು ಆಗೋದು ಹೇಗೆ, ಇದರ ಬಗ್ಗೆ ಮಾತಾಡಮ್ಮ ಅಂದ್ರು. ಯೋಚ್ನೆ ಮಾಡ್ದೆ, ಒಪ್ಕೊಂಡೆ. ಯಾಕಂದ್ರೆ ಅದೇ ವಾರ ನಮ್ಮ ಬೀದಿ ಹುಡುಗಿ ಒಬ್ಳು, ಡಿಗ್ರಿ ಮುಗಿಸಿ ಮನೇಲಿ ಕೂತಿರೋಳು, ಸಂಜೆ ಹಾಲು ಹಾಕೋಕೆ ಬಂದಾಗ ಕ್ಯಾನ್ ಕೆಳಗಿಟ್ಟು ನನ್ನ ಕೇಳಿದ್ಲು, "ಅಕ್ಕಾ, ಎಲ್ರಿಗೂ ಏನೋ ಒಂದು ಗುರಿ ಇರುತ್ತೆ, ನಂಗ್ಯಾಕೆ ಏನೂ ಅನ್ಸಲ್ಲ?" ಅಂತ. ಅವಳ ಹಿಂದೆ ಸಾಲು ನಿಂತಿತ್ತು, ಆವಾಗ ಉತ್ತರ ಕೊಡೋಕಾಗ್ಲಿಲ್ಲ. ಇವತ್ತು ಹೇಳ್ತೀನಿ, ಅವಳೂ ಮನೇಲಿ ರೇಡಿಯೋ ಹಾಕ್ಕೊಂಡು ಕೂತಿರ್ತಾಳೆ.

ಮೊದಲಿಗೆ ನನ್ನ ವಿಷಯಾನೇ ಹೇಳಿಬಿಡ್ತೀನಿ, ನಾನು ಡೈರಿಗೆ ಬಂದಿದ್ದು ಯಾವ ಗುರಿ ಇಟ್ಕೊಂಡೂ ಅಲ್ಲ. ಪಿಯುಸಿ ಪಾಸಾಗಿದ್ದೆ, ಮದುವೆ ಆಗಿ ಬಂದಿದ್ದೆ, ಮನೇಲಿ ಸಾಲ ಇತ್ತು, ಊರಲ್ಲಿ ಹೆಣ್ಮಕ್ಕಳ ಡೈರಿ ಮಾಡೋಣ ಅಂತ ಹೊರಟಾಗ ಲೆಕ್ಕ ಬರೆಯೋಕೆ ಓದಿರೋ ಸೊಸೆ ಬೇಕು ಅಂದ್ರು, ನಮ್ಮತ್ತೆ ನನ್ನ ಕೈ ಹಿಡಿದು ಎಬ್ಬಿಸಿ ಕಳಿಸಿದ್ರು, ಅಷ್ಟೇ. ಹಾಲಿನ ವಾಸನೆ ಬಟ್ಟೆಗೆ ಅಂಟ್ಕೊಂಡ್ರೆ ನಂಗೆ ಆಗ್ತಾನೇ ಇರ್ಲಿಲ್ಲ. ಎರಡು ವರ್ಷ ಮಾಡಿ ಬಿಡೋಣ ಅಂತ ಮನಸಲ್ಲಿ ಲೆಕ್ಕ ಹಾಕಿದ್ದೆ.

ಟ್ರೈನಿಂಗ್‌ಗೆ ಹೋದಾಗ ನಮಗೆ 'ಆನಂದ್ ಮಾದರಿ' ಅಂತ ಒಂದು ಪಾಠ ಇತ್ತು. ಊರಿನ ಸಂಘ, ಅದರ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ರಾಜ್ಯದ ಮಹಾಮಂಡಳಿ, ನಮ್ಮ ನಂದಿನಿ ಹಾಲು ನಡೀತಿರೋದೂ ಇದೇ ಏರ್ಪಾಟಿನ ಮೇಲೆ. ಆವಾಗ ಈ ಮಾದರಿ ಬೆಳೆಸಿದ ಕುರಿಯನ್ ಅವರ ಕತೆ ಕೇಳ್ದೆ, ಕೇಳಿ ನಂಗೆ ಆಶ್ಚರ್ಯ ಆಗಿದ್ದು ಅವರು ಮಾಡಿದ ದೊಡ್ಡ ಕೆಲಸ ನೋಡಿ ಅಲ್ಲ, ಅವರು ಆನಂದ್‌ಗೆ ಬಂದ ರೀತಿ ನೋಡಿ. ವರ್ಗೀಸ್ ಕುರಿಯನ್ ಕೇರಳದವರು, ಇಂಜಿನಿಯರ್, ಸರ್ಕಾರಿ ಸ್ಕಾಲರ್‌ಶಿಪ್‌ನಲ್ಲಿ ಅಮೆರಿಕದ ಮಿಷಿಗನ್‌ಗೆ ಹೋಗಿ ಓದ್ಕೊಂಡು ಬಂದೋರು. ಆ ಸ್ಕಾಲರ್‌ಶಿಪ್‌ಗೆ ಬಾಂಡ್ ಬರ್ಕೊಟ್ಟಿದ್ರು, ಅದಕ್ಕೆ ಸರ್ಕಾರ 1949ರ ಮೇ ತಿಂಗಳಲ್ಲಿ ಗುಜರಾತಿನ ಆನಂದ್ ಅನ್ನೋ ಧೂಳು ತುಂಬಿದ ಊರಿನ ಸರ್ಕಾರಿ ಕ್ರೀಮರಿಗೆ, ಅಂದ್ರೆ ಹಾಲಿನ ಕಾರ್ಖಾನೆಗೆ ಕಳಿಸ್ತು. ಊರಲ್ಲಿ ಮನೆ ಸಿಗ್ಲಿಲ್ಲ, ಮದುವೆ ಆಗಿಲ್ಲ, ಮಾಂಸ ತಿನ್ನೋರು, ಯಾರು ಕೊಡ್ತಾರೆ, ಒಂದು ಗ್ಯಾರೇಜಲ್ಲಿ ಇದ್ರು. ಯಾವಾಗ ಬಾಂಡ್ ಮುಗಿಯುತ್ತೆ, ಯಾವಾಗ ಹೊರಡ್ತೀನಿ ಅಂತ ಕಾಯ್ತಿದ್ರು. ಹಾಲು ಕುಡಿಯೋದಂದ್ರೂ ಅವರಿಗೆ ಅಷ್ಟಕ್ಕಷ್ಟೇ!

ಪಕ್ಕದಲ್ಲೇ ರೈತರ ಸಂಘ ಇತ್ತು, ದಲ್ಲಾಳಿಗಳ ಕಾಟ ತಾಳಲಾರದೆ ಸರ್ದಾರ್ ಪಟೇಲರ ಮಾತು ಕೇಳಿ ಖೇಡಾ ಜಿಲ್ಲೆ ರೈತರು 15 ದಿನ ಹಾಲು ಕೊಡದೆ ಮುಷ್ಕರ ಮಾಡಿ 1946ರ ಡಿಸೆಂಬರಲ್ಲಿ ಕಟ್ಕೊಂಡಿದ್ದ ಸಂಘ, ಆಮೇಲೆ ಅಮುಲ್ ಅಂತ ಹೆಸರಾಗಿದ್ದು ಇದೇ. ಅದರ ಅಧ್ಯಕ್ಷರು ತ್ರಿಭುವನ್‌ದಾಸ್ ಪಟೇಲ್. ಸಂಘದ ಮೆಷಿನ್ ಹಳೇದು, ದಿನಾ ಕೈ ಕೊಡ್ತಿತ್ತು, ತ್ರಿಭುವನ್‌ದಾಸ್ ಪಟೇಲರು ಬಂದು ಇಂಜಿನಿಯರ್ ಹುಡುಗನ್ನ ಕರೀತಿದ್ರು, ಈ ಹುಡುಗ ಹೋಗಿ ರಿಪೇರಿ ಮಾಡ್ಕೊಡ್ತಿದ್ದ. ಕೊನೆಗೆ ಸರ್ಕಾರಿ ಕೆಲಸದಿಂದ ಬಿಡುಗಡೆ ಆಯ್ತು, ಕುರಿಯನ್ ಗಂಟುಮೂಟೆ ಕಟ್ಟಿದ್ರು, ಆವಾಗ ಪಟೇಲರು, ಹೊಸ ಮೆಷಿನ್ ಕೂರಿಸೋ ತನಕ ಆದ್ರೂ ಇದ್ದು ಹೋಗಪ್ಪ ಅನ್ನೋ ಹಾಗೆ ಕೇಳ್ಕೊಂಡ್ರು. ಇದ್ದು ಹೋಗೋಕೆ ಅಂತ ನಿಂತೋರು ಆನಂದ್ ಬಿಡ್ಲೇ ಇಲ್ಲ. 2012ರಲ್ಲಿ ತೀರ್ಕೊಳ್ಳೋವರೆಗೂ ಅದೇ ಕಡೆ ಬಾಳಿದ್ರು. 1965ರಲ್ಲಿ ರಾಷ್ಟ್ರೀಯ ಡೈರಿ ಮಂಡಳಿ ಆದಾಗ್ಲೂ ಅದು ದಿಲ್ಲಿಗೆ ಹೋಗ್ಲಿಲ್ಲ, ಆನಂದ್‌ನಲ್ಲೇ ಉಳೀತು.

ಇದನ್ನ ಯಾಕೆ ಇಷ್ಟು ಬಿಡಿಸಿ ಹೇಳ್ದೆ ಅಂದ್ರೆ, ಗುರಿ ಅನ್ನೋದು ಎಲ್ಲೋ ಬಚ್ಚಿಟ್ಕೊಂಡಿದೆ, ಕಣ್ಮುಚ್ಚಿ ಕೂತು ಹುಡುಕಿದ್ರೆ ಸಿಗುತ್ತೆ, ಸಿಕ್ಕಿದ ಮೇಲೆ ಕೆಲಸ ಶುರು ಮಾಡೋಣ ಅಂತ ನಮ್ಮ ಮಕ್ಕಳು ಕಾಯ್ತಾ ಕೂತಿರೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ಕುರಿಯನ್ ಅವರಿಗೆ ಸಿಕ್ಕಿದ್ದು ಕೆಟ್ಟು ನಿಂತ ಮೆಷಿನ್ನು. ರಿಪೇರಿ ಮಾಡ್ತಾ ಮಾಡ್ತಾ ಇದು ಯಾರ ಹಾಲು, ಇದು ಕೆಟ್ರೆ ಯಾರ ಮನೆ ಒಲೆ ಆರುತ್ತೆ ಅನ್ನೋದು ಕಣ್ಣಿಗೆ ಬಿತ್ತು.

ನಂಗೆ ಕಣ್ಣಿಗೆ ಬಿದ್ದಿದ್ದು ಒಂದು ಅಜ್ಜಿಯಿಂದ. ಅದು ನನ್ನ ತಪ್ಪು, ಇವತ್ತಿಗೂ ನೆನೆಸ್ಕೊಂಡ್ರೆ ಎದೆ ಹಿಂಡುತ್ತೆ, ಆದ್ರೂ ಹೇಳ್ತೀನಿ.

ಹೊಸದಾಗಿ ಸೆಕ್ರೆಟರಿ ಆದಾಗ ಸೆಕ್ರೆಟರಿ ಅಂದ್ರೆ ಗದರಿಸಬೇಕು, ಜೋರು ಬಾಯಿ ಇದ್ರೇನೇ ಸಾಲು ನೆಟ್ಟಗೆ ನಿಲ್ಲೋದು ಅನ್ಕೊಂಡಿದ್ದೆ, ಸುತ್ತಮುತ್ತ ನಾನು ನೋಡಿದ್ದ ಮುಂದಾಳುಗಳೆಲ್ಲ ಹಾಗೇ ಇದ್ರು. ಡೈರಿ ಪಕ್ಕದ ಮನೇಲಿ ಒಬ್ರು ಅಜ್ಜಿ, ಗಂಡ ಇಲ್ಲ, ಒಂದೇ ಒಂದು ಹಸು. ಲ್ಯಾಕ್ಟೋಮೀಟರ್ ಅನ್ನೋ ಗಾಜಿನ ಕೊಳವೆನ ಹಾಲಲ್ಲಿ ತೇಲಿಬಿಟ್ಟು ಹಾಲು ಎಷ್ಟು ಗಟ್ಟಿ ಅಂತ ನೋಡ್ತೀವಿ, ಆ ಅಂಕಿಗೆ ಡಿಗ್ರಿ ಅಂತೀವಿ, ನೀರು ಬೆರೆತ್ರೆ ಅದು ಇಳಿಯುತ್ತೆ. ಮೂರು ದಿನ ಸತತವಾಗಿ ಅವರ ಹಾಲಿನ ಡಿಗ್ರಿ ಕಡಿಮೆ ಬಂತು, 28 ಬರಬೇಕಾದ ಕಡೆ 25. ನಾಲ್ಕನೇ ದಿನ ಸಾಲಲ್ಲಿ 30 ಜನ ನಿಂತಿರೋವಾಗ, "ಏನಜ್ಜಿ, ನೀರು ಎಷ್ಟು ಚೆಂಬು ಹಾಕಿದೀಯ?" ಅಂತ ಜೋರಾಗಿ ಕೇಳಿ ಹಾಲು ವಾಪಸ್ ಕೊಟ್ಟೆ. ಅಜ್ಜಿ, "ನೀರಾಕಿಲ್ಲ ಕಣವ್ವ, ಮಾದಪ್ಪನಾಣೆ" ಅಂತ ಒಂದೇ ಮಾತಂದು ತಂಬಿಗೆ ತಗೊಂಡು ಹೊರಟೋಯ್ತು. ಸಾಲಲ್ಲಿ ಯಾರೂ ಮಾತಾಡ್ಲಿಲ್ಲ. ಅವತ್ತು ಸಂಜೆ ಅಜ್ಜಿ ಬರ್ಲೇ ಇಲ್ಲ.

ರಾತ್ರಿ ನಿದ್ದೆ ಹತ್ತಲಿಲ್ಲ. ಮಾದಪ್ಪನ ಆಣೆ ಇಟ್ಟು ಸುಳ್ಳು ಹೇಳೋ ಜೀವ ಅಲ್ಲ ಅದು. ಐದನೇ ದಿನ ಲ್ಯಾಕ್ಟೋಮೀಟರ್ ಸೆರಗಲ್ಲಿ ಸುತ್ಕೊಂಡು ಕೊಟ್ಟಿಗೆಗೆ ಹೋದೆ, ಅಜ್ಜಿ ನನ್ನ ಮುಖ ನೋಡ್ಲಿಲ್ಲ, ಹಾಲು ಕರೀತಾನೇ ಇತ್ತು. ಕರೆದ ಹಾಲನ್ನ ಅಲ್ಲೇ ಜಾರ್‌ಗೆ ಸುರಿದು ಡಿಗ್ರಿ ನೋಡ್ದೆ, 25! ನನ್ನ ಕಣ್ಣೆದುರಿಗೇ ಕೆಚ್ಚಲಿಂದ ಇಳಿದ ಹಾಲು, ಒಂದು ಹನಿ ನೀರು ಸೇರಿಲ್ಲ, 25. ಅದನ್ನೇ ತಣ್ಣೀರು ಬೇಸನ್‌ನಲ್ಲಿ ಇಟ್ಟು ಕಾಯ್ದೆ, ಅಜ್ಜಿ ಸಗಣಿ ಬಾಚ್ತಾ ಇತ್ತು, ಸುಮಾರು ಒಂದು ಗಂಟೆ ಬಿಟ್ಟು ನೋಡಿದ್ರೆ 28. ಹಾಲು ಬಿಸಿ ಇದ್ರೆ ತೆಳ್ಳಗಾಗುತ್ತೆ, ಲ್ಯಾಕ್ಟೋಮೀಟರ್ ಜಾಸ್ತಿ ಮುಳುಗುತ್ತೆ, ಡಿಗ್ರಿ ಕಡಿಮೆ ತೋರಿಸುತ್ತೆ, ಅದಕ್ಕೇ ಥರ್ಮಾಮೀಟರ್ ಇಟ್ಟು ಕರೆಕ್ಷನ್ ಸೇರಿಸ್ಬೇಕು. ಟ್ರೈನಿಂಗಲ್ಲಿ ಹೇಳಿದ್ರು, ನಾನು ಬರ್ಕೊಂಡೂ ಇದ್ದೆ, ಬೆಳಗಿನ ಗಡಿಬಿಡೀಲಿ ಮಾಡ್ತಿರ್ಲಿಲ್ಲ. ದೂರದ ಮನೆಯೋರ ಹಾಲು ನಡ್ಕೊಂಡು ಬರೋಷ್ಟರಲ್ಲಿ ಆರ್ತಿತ್ತು, ಅಜ್ಜಿ ಮನೆ ಪಕ್ಕದಲ್ಲೇ, ಕರೆದು ಬಿಸಿಬಿಸಿ ಹಾಗೇ ತರ್ತಿತ್ತು. ಡೈರಿಗೆ ಹತ್ತಿರ ಇದ್ದದ್ದೇ ಅದರ ತಪ್ಪಾಗಿತ್ತು.

ಮಾರನೇ ದಿನ ಅಜ್ಜಿನ ನಾನೇ ಕರ್ಕೊಂಡು ಬಂದು, ಅದೇ ಸಾಲಿನ ಮುಂದೆ, "ಅಜ್ಜಿ ನೀರು ಹಾಕಿರ್ಲಿಲ್ಲ, ನಂಗೆ ಟೆಸ್ಟ್ ಮಾಡೋಕೆ ಬರ್ಲಿಲ್ಲ, ತಪ್ಪಾಯ್ತು" ಅಂದೆ. ಅಜ್ಜಿ, "ಬುಡವ್ವ ಅತ್ಲಾಗೆ, ಹಾಲ್ ಅಳಿ" ಅಂತು. ವಾಪಸ್ ಕೊಟ್ಟಿದ್ದ ಹಾಲಿನ ದುಡ್ಡು ನನ್ನ ಕೈಯಿಂದ ಕೊಟ್ಟೆ, ತಗೊಳ್ಳಲಿಲ್ಲ, ಅವರ ಹಸುಗೆ ಹಿಂಡಿ ತಂದು ಹಾಕ್ದೆ.

ಅವತ್ತಿಂದ ಟೆಸ್ಟ್ ಮಾಡೋ ಟೇಬಲ್ಲನ್ನ ಒಳಗಿಂದ ಬಾಗಿಲಿಗೆ ತಂದೆ. ಜಾರು, ಲ್ಯಾಕ್ಟೋಮೀಟರ್ರು, ಥರ್ಮಾಮೀಟರ್ರು ಎಲ್ಲ ಸಾಲಿನ ಕಡೆ ಮುಖ ಮಾಡಿ ಇಟ್ಟೆ, ಓದೋಕೆ ಬರದೆ ಇರೋರಿಗೆ ಗೆರೆ ಎಲ್ಲಿಗೆ ಬರ್ಬೇಕು ಅಂತ ತೋರಿಸ್ಕೊಟ್ಟೆ. ನೀರು ಹಾಕೋರು ಇರ್ಲಿಲ್ವಾ ಅಂದ್ರೆ ಇದ್ರು, ಎರಡು ಮೂರು ಮನೆ ಇತ್ತು. ನಾನು ಒಬ್ರಿಗೂ ಬೈಲಿಲ್ಲ. ಹಿಂದೆ ನಿಂತಿರೋಳೇ ಇಣುಕಿ ನೋಡ್ತಾಳೆ ಅಂದ್ಮೇಲೆ ಯಾರು ಹಾಕ್ತಾರೆ, ತಾನಾಗೇ ನಿಂತುಹೋಯ್ತು. ಆವಾಗ ನಂಗೆ ಗೊತ್ತಾಯ್ತು ನನ್ನ ಬಾಯಿ ಜೋರಲ್ಲ, ಜೋರಾಗ್ಬೇಕಾಗೂ ಇಲ್ಲ, ಎಲ್ಲಾನೂ ತೆರೆದಿಟ್ಟು ತೋರ್ಸೋದು ನಂಗೆ ಹುಟ್ಟಿನಿಂದ ಬಂದಿರೋದು. ಚಿಕ್ಕೋಳಿದ್ದಾಗ ಅಪ್ಪ ಕೊಟ್ಟ ಕಳ್ಳೆಕಾಯಿನ ತಮ್ಮ ತಂಗೀರ ಮುಂದೆ ಒಂದೊಂದೇ ಎಣಿಸಿ ಹಂಚ್ತಿದ್ದೆನಂತೆ, ಅಮ್ಮ ಹೇಳ್ತಾರೆ. ಅದೇ ಕೆಲಸ ಇದು.

ಆನಂದ್‌ನಲ್ಲೂ ನೋಡಿ, ಇಬ್ಬರೂ ಒಂದೇ ಥರ ಇರ್ಲಿಲ್ಲ. ಕುರಿಯನ್ ಖಡಕ್, ಮಂತ್ರಿಗಳ ಎದುರು, ದೊಡ್ಡ ಕಂಪನಿಗಳ ಎದುರು ಎದೆ ಸೆಟೆಸಿ ಮಾತಾಡೋರು. ತ್ರಿಭುವನ್‌ದಾಸ್ ಮೆದು, ಖಾದಿ ಹಾಕ್ಕೊಂಡು ಹಳ್ಳಿ ಹಳ್ಳಿ ಸುತ್ತಿ ಜನರನ್ನ ಒಪ್ಪಿಸೋರು. ಅವರು ರಿಟೈರ್ ಆದಾಗ ಸದಸ್ಯರು ಪ್ರೀತಿಯಿಂದ ಕೂಡಿಸಿ ಕೊಟ್ಟ ದುಡ್ಡನ್ನ ಮನೆಗೆ ಒಯ್ಯದೆ ಹಳ್ಳಿ ತಾಯಂದ್ರು, ಮಕ್ಕಳ ಆರೋಗ್ಯಕ್ಕೆ ಅಂತ ಒಂದು ಸಂಸ್ಥೆ ಕಟ್ಟಿದ್ರು. 1963ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಇಬ್ಬರಿಗೂ, ಜೊತೆಗೆ ದಾರಾ ಖುರೋಡಿ ಅನ್ನೋರಿಗೂ ಸೇರಿಯೇ ಬಂತು. ಮೆದು ಮನುಷ್ಯ ಖಡಕ್ ಆಗೋಕೆ ಹೋಗಿದ್ರೆ, ಖಡಕ್ ಮನುಷ್ಯ ಮೆದು ಆಗೋಕೆ ಹೋಗಿದ್ರೆ ಅಮುಲ್ ಆಗ್ತಿತ್ತೋ ಇಲ್ವೋ, ನನ್ನ ಮನಸ್ಸು ಆಗ್ತಿರ್ಲಿಲ್ಲ ಅನ್ನುತ್ತೆ.

ನಮ್ಮ ರಾಜ್ಯದಲ್ಲೇ ಹರೇಕಳ ಹಾಜಬ್ಬ ಅವರನ್ನ ತಗೊಳ್ಳಿ. ಮಂಗಳೂರಲ್ಲಿ ಬುಟ್ಟೀಲಿ ಕಿತ್ತಳೆ ಮಾರ್ತಿದ್ದೋರು, ಶಾಲೆ ಮೆಟ್ಟಿಲು ಹತ್ತಿಲ್ಲ. ಯಾರೋ ವಿದೇಶಿಯರು ಇಂಗ್ಲಿಷಲ್ಲಿ ಹಣ್ಣಿನ ರೇಟು ಕೇಳಿದ್ರು, ಇವರಿಗೆ ಉತ್ತರ ಹೇಳೋಕಾಗ್ಲಿಲ್ಲ. ನಾಚ್ಕೆ ಆಗುತ್ತೆ, ಮರೆತುಬಿಡ್ತೀವಿ ನಾವಾದ್ರೆ. ಅವರು ಮರೀಲಿಲ್ಲ, ನಮ್ಮೂರಿನ ಮಕ್ಕಳಿಗೆ ಈ ಗತಿ ಬರಬಾರ್ದು ಅಂತ ನ್ಯೂಪಡ್ಪುವಿಗೆ ಶಾಲೆ ಬೇಕು ಅಂತ ಕಂಡ ಕಂಡ ಆಫೀಸು ಅಲೆದ್ರು, ಕಿತ್ತಳೆ ಮಾರಿದ ದುಡ್ಡು ಉಳಿಸಿದ್ರು, ಮೊದಲು ಮದರಸಾದಲ್ಲಿ ಪಾಠ ಶುರುವಾಗಿ ಆಮೇಲೆ ಸ್ವಂತ ಕಟ್ಟಡ ಎದ್ದು ಹೈಸ್ಕೂಲ್ ತನಕ ಬೆಳೀತು. 2020ರಲ್ಲಿ ಪದ್ಮಶ್ರೀ ಸುದ್ದಿ ಬಂದಾಗ ರೇಷನ್ ಅಂಗಡಿ ಕ್ಯೂನಲ್ಲಿ ನಿಂತಿದ್ರಂತೆ. 2021ರ ನವೆಂಬರಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ನಡೆದು ಹೋಗಿದ್ದು ಟಿವೀಲಿ ನೋಡಿ ನಮ್ಮ ಡೈರಿ ಹೆಂಗಸ್ರು ಕಣ್ಣೊರೆಸ್ಕೊಂಡ್ರು. ಅವರದು ಇನ್ನೊಂದೇ ರೀತಿ, ಭಾಷಣ ಇಲ್ಲ, ಜೋರಿಲ್ಲ, ಕೈಮುಗಿದು ಕೇಳೋದು, ಇಲ್ಲ ಅಂದ್ರೆ ನಾಳೆ ಮತ್ತೆ ಹೋಗಿ ಕೇಳೋದು.

ಮುಂದಾಳು ಅಂದ್ರೆ ಸ್ಟೇಜ್ ಮೇಲಿನೋರು ಅನ್ಕೊಂಡಿದೀವಿ ನಾವು. ನಮ್ಮ ಊರಿನ ಮದುವೆ ಮನೇಲಿ ಅಡುಗೆಗೆ ನಿಲ್ಲೋ ಅಕ್ಕನ್ನ ನೋಡಿ, ಅವಳು ಒಂದು ಮಾತೂ ಆಡಲ್ಲ, ಮುದ್ದೆ ಕೋಲು ಕೈಗೆ ತಗೊಂಡ್ಲು ಅಂದ್ರೆ ಹತ್ತು ಜನ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಎದ್ದು ಬರ್ತಾರೆ. ಇನ್ನೊಬ್ಳು ಸಾವಿನ ಮನೇಲಿ ಯಾರಿಗೆ ಕಾಫಿ ಹೋಗಿಲ್ಲ ಅನ್ನೋದು ಅವಳಿಗೆ ಮಾತ್ರ ಗೊತ್ತಿರುತ್ತೆ. ನಿಮ್ಮ ರೀತಿ ಯಾವುದು ಅಂತ ತಿಳೀಬೇಕಾದ್ರೆ, ಕಷ್ಟ ಬಂದಾಗ ಜನ ಯಾವ ಕೆಲಸಕ್ಕೆ ನಿಮ್ಮ ಮನೆ ಬಾಗಿಲಿಗೆ ಬರ್ತಾರೆ ಅಂತ ನೋಡ್ಕೊಳ್ಳಿ, ಅರ್ಜಿ ಬರೆಸೋಕಾ, ಜಗಳ ಬಿಡಿಸೋಕಾ, ಗುಟ್ಟು ಹೇಳ್ಕೊಳ್ಳೋಕಾ.

ಮೋಟಿವೇಶನ್ ಬಗ್ಗೆನೂ ಕೇಳಿದ್ರು ರೇಡಿಯೋದವ್ರು. ಇದರಲ್ಲಿ ನಂಗೆ ಹೇಳೋದು ಕಡಿಮೆ. ಹಸುಗೆ ಭಾನುವಾರ ಇಲ್ಲ, ಯುಗಾದಿ ಇಲ್ಲ, ಹೊತ್ತಿಗೆ ಕರೀದೆ ಇದ್ರೆ ಕೆಚ್ಚಲು ಬಾತ್ಕೊಳ್ಳುತ್ತೆ, ನಾವು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೀಲೇಬೇಕು. ಎಷ್ಟೋ ಬೆಳಿಗ್ಗೆ ಮನಸ್ಸಿಲ್ಲದೆ ಎದ್ದು ಹೋಗಿದೀನಿ, ನನ್ನ ಅಪ್ಪ ತೀರ್ಕೊಂಡ ವಾರಾನೂ ಹೋದೆ, ಐದಾರು ಜನದ ಹಾಲು ಅಳೆಯೋಷ್ಟರಲ್ಲಿ ಒಬ್ಬೊಬ್ಬರೂ ಏನೋ ಮಾತಾಡ್ಸಿ ಮನಸ್ಸು ಹಿಡಿತಕ್ಕೆ ಬರ್ತಿತ್ತು. ಬಿಡ್ತೀನಿ ಅಂತ ರಾಜೀನಾಮೆ ಬರೆದು ಪರ್ಸಲ್ಲಿ ಇಟ್ಕೊಂಡಿದ್ದೂ ಉಂಟು. ಅವತ್ತು ಬಟವಾಡೆ ದಿನ, ಒಬ್ಳು ಹಾಲಿನ ದುಡ್ಡು ತಗೊಂಡು ಎಣಿಸಿ, "ಅಕ್ಕ, ಮಗಳ ಫೀಸ್ ಇವತ್ತೇ ಕಟ್ಬಿಡ್ತೀನಿ" ಅಂತ ಬಸ್ಸಿಗೆ ಓಡಿದ್ಲು. ಆ ಕಾಗದ ಕೊಡ್ಲಿಲ್ಲ.

ಆ ಹುಡುಗಿ ವಿಷಯಕ್ಕೆ ಬರ್ತೀನಿ. ಈಗ ನಮ್ಮ ಡೈರೀಲಿ ಕಂಪ್ಯೂಟರ್ ಮೆಷಿನ್ ಬಂದಿದೆ, ಫ್ಯಾಟ್, ಡಿಗ್ರಿ, ರೇಟು ಎಲ್ಲ ಒಂದು ಚೀಟೀಲಿ ಬರುತ್ತೆ, ಆದ್ರೆ ಚೀಟಿ ಇಂಗ್ಲಿಷಲ್ಲಿ. ಹೋದ ತಿಂಗಳು ಅವಳು ಹಾಲು ಹಾಕಿ ಹೊರಡೋವಾಗ, ಆ ಪಕ್ಕದ ಮನೆ ಅಜ್ಜಿ, ಈಗ ಸೊಂಟ ಬಗ್ಗಿದೆ, ಚೀಟಿನ ತಲೆಕೆಳಗೆ ಹಿಡ್ಕೊಂಡು ನೋಡ್ತಾ ನಿಂತಿದ್ದನ್ನ ನೋಡಿದ್ಲು. ಓದಿ ಹೇಳಿದ್ಲು. ಮಾರನೇ ದಿನ ಇನ್ನಿಬ್ಬರಿಗೆ. ಈಗ ದಿನಾ ಸಂಜೆ ಕಟ್ಟೆ ಮೇಲೆ ಕೂತು ಎಲ್ಲರದ್ದೂ ಓದಿ ಹೇಳ್ತಾಳೆ, ಯಾಕೆ ಇವತ್ತು ಫ್ಯಾಟ್ ಕಮ್ಮಿ ಬಂತು ಅಂತ ಕೇಳಿದೋರಿಗೆ ಮೇವಿನ ಬಗ್ಗೆ ಎಲ್ಲೆಲ್ಲೋ ಹುಡುಕಿ ತಿಳ್ಕೊಂಡು ಬಂದು ಹೇಳ್ತಾಳೆ. ನಾನು ಅವಳಿಗೆ ಏನೂ ಹೇಳೋಕೆ ಹೋಗಿಲ್ಲ. ಮೊನ್ನೆ ಅವಳೇ ಬಂದು, "ಅಕ್ಕ, ಈ ಚೀಟಿ ಕನ್ನಡದಲ್ಲಿ ಯಾಕೆ ಬರಬಾರ್ದು? ಮೆಷಿನ್‌ನವರ ನಂಬರ್ ಕೊಡಿ" ಅಂದ್ಲು. ಕೊಟ್ಟಿದೀನಿ. ನಾಳೆ ಬರ್ತಾರಂತೆ.

ನಮಸ್ಕಾರ.